ಜೋಳ ತಿನ್ನಬಹುದು, ತಾಮ್ರ ತಿನ್ನಲಾದೀತೇ?

ಎಲ್ಲರಿಗೂ ನಮಸ್ಕಾರ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನೀವು ಬೆಳೆಯುವ ಹೊಗೆಸೊಪ್ಪಿಗೆ ವರ್ಜೀನಿಯಾ ಅನ್ನುವ ಹೆಸರಿದೆಯಲ್ಲ, ಆ ಹೆಸರಿನ ಸೀಮೆಗೇ ಇವತ್ತು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಅಮೆರಿಕದ ಪೂರ್ವ ಕರಾವಳಿ, ಜೇಮ್ಸ್ ನದಿಯ ದಂಡೆ, 1607ರ ಮೇ ತಿಂಗಳು.

ಇಂಗ್ಲೆಂಡಿನಿಂದ ಮೂರು ಹಡಗುಗಳಲ್ಲಿ ಬಂದ 104 ಗಂಡಸರು, ಹುಡುಗರು ಅಲ್ಲಿಳಿದು ಮೂರು ಮೂಲೆಯ ಮರದ ಕೋಟೆ ಕಟ್ಟಿಕೊಂಡರು. ಊರಿಗೆ ಜೇಮ್ಸ್‌ಟೌನ್ ಎಂದು ದೊರೆಯ ಹೆಸರಿಟ್ಟರು. ಆದರೆ ಅವರನ್ನು ಕಳಿಸಿ ದುಡ್ಡು ಹಾಕಿದ್ದು ಲಂಡನ್ನಿನ ವ್ಯಾಪಾರಿಗಳ ವರ್ಜೀನಿಯಾ ಕಂಪನಿ. ಮುಂದೆ ಅದರ ಖಜಾಂಚಿಯಾದ ಸರ್ ಥಾಮಸ್ ಸ್ಮೈತ್, ನಮ್ಮ ಕಡೆ ಬಂದ ಈಸ್ಟ್ ಇಂಡಿಯಾ ಕಂಪನಿಗೂ ಗವರ್ನರ್ ಆಗಿದ್ದವನು. ಆ ಮೂರು ಹಡಗುಗಳ ಮುಂದಾಳು ಕ್ರಿಸ್ಟೋಫರ್ ನ್ಯೂಪೋರ್ಟ್. 1615ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಜಹಾಂಗೀರನ ದರ್ಬಾರಿಗೆ ಹೊರಟಾಗ ಅವನನ್ನು ಸೂರತ್ತಿಗೆ ತಂದ ನಾವಿಕನೂ ಇವನೇ. ಹಾಗಾಗಿ ಈ ಕಥೆ ನನಗೆ ದೂರದ್ದು ಅನ್ನಿಸುವುದೇ ಇಲ್ಲ.

ಆರಿಸಿಕೊಂಡ ಜಾಗ ಕೆಟ್ಟದ್ದು. ಸುತ್ತ ಜೌಗು, ಕುಡಿಯಲು ಉಪ್ಪು ಬೆರೆತ ಹೊಳೆ ನೀರು. ಜೊತೆಗೆ ಬರ. ಅಲ್ಲಿನ ಹಳೆಯ ಮರಗಳ ಕಾಂಡದಲ್ಲಿ ವರ್ಷಕ್ಕೊಂದರಂತೆ ಬೆಳೆಯುವ ಬಳೆಗಳನ್ನು ಅಳೆದ ವಿಜ್ಞಾನಿಗಳು, 1606ರಿಂದ 1612ರವರೆಗೆ ಆ ಸೀಮೆಯಲ್ಲಿ ಶತಮಾನಗಳಲ್ಲೇ ಕಾಣದ ಬರ ಬಿದ್ದಿತ್ತು ಎಂದು ತೋರಿಸಿದ್ದಾರೆ. ಸೆಪ್ಟೆಂಬರ್ ಹೊತ್ತಿಗೆ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಮಣ್ಣಾಗಿದ್ದರು. ಉಳಿದವರಿಗೆ ಕಾಳಿದ್ದದ್ದು ನೆರೆಯವರ ಕಣಜದಲ್ಲಿ ಮಾತ್ರ.

ಆ ನೆರೆಯವರು ಪೌಹಾಟನ್ ಜನ. ಸುಮಾರು ಮೂವತ್ತು ಬುಡಕಟ್ಟುಗಳು, ಅವಕ್ಕೆಲ್ಲ ಒಬ್ಬ ಹಿರಿಯ ನಾಯಕ, ವಾಹುನ್ಸೆನಕಾ. ಅವನನ್ನು ಇಂಗ್ಲಿಷರು ಪೌಹಾಟನ್ ಎಂದೇ ಕರೆದರು. ಆ ಜನರ ಹೆಂಗಸರು ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದರು. ತಾಮ್ರ ಅವರಿಗೆ ದೂರದಿಂದ ಬರುವ ಲೋಹ, ಒಡೆಯರು ಮೈಮೇಲೆ ಧರಿಸುವಂಥದ್ದು. ಇಂಗ್ಲಿಷರ ಹಡಗಿನಲ್ಲಿ ತಾಮ್ರದ ತಗಡು ಬೇಕಾದಷ್ಟಿತ್ತು. ತಾಮ್ರದ ಚೂರು, ಗಾಜಿನ ಮಣಿ, ಕೊಡಲಿ ಕೊಟ್ಟು ಜೋಳ ತಂದರು. ವ್ಯಾಪಾರ ಕುದುರಿತು. ಆದರೆ ಕಂಪನಿಯ ಕಣ್ಣುತಪ್ಪಿಸಿ ನಾವಿಕರೂ ತಾಮ್ರ ಮಾರತೊಡಗಿದರು, ಬೆಲೆ ಬಿತ್ತು. ಒಂದು ಚೂರಿಗೆ ಬರುತ್ತಿದ್ದ ಕಾಳು ಈಗ ಬಾರದಾಯಿತು. 1994ರಿಂದ ನಡೆದ ಉತ್ಖನನದಲ್ಲಿ ಕೋಟೆಯ ನೆಲದಿಂದ ಕತ್ತರಿಸಿದ ಆ ತಗಡಿನ ತುಣುಕುಗಳು ರಾಶಿಗಟ್ಟಲೆ ಎದ್ದಿವೆ.

1609ರ ಜನವರಿಯಲ್ಲಿ, ಆಗ ಜೇಮ್ಸ್‌ಟೌನಿನ ಮುಖ್ಯಸ್ಥನಾಗಿದ್ದ ಜಾನ್ ಸ್ಮಿತ್ ಮತ್ತೆ ಜೋಳ ಕೇಳಲು ಹೋದ. ಪೌಹಾಟನ್ ಆಡಿದ ಮಾತನ್ನು ಸ್ಮಿತ್ತನೇ ಬರೆದಿಟ್ಟಿದ್ದಾನೆ: ನನಗೆ ಬುಟ್ಟಿ ತಾಮ್ರಕ್ಕಿಂತ ಬುಟ್ಟಿ ಜೋಳವೇ ದೊಡ್ಡದು, ಜೋಳವನ್ನು ತಿನ್ನಬಹುದು, ತಾಮ್ರವನ್ನು ತಿನ್ನಲಾಗದು. ಬರಗಾಲದಲ್ಲಿ ತನ್ನ ಮಕ್ಕಳ ಹೊಟ್ಟೆ ನೋಡಬೇಕಾದ ಯಜಮಾನ ಹೇಳುವ ಮಾತಿದು. ಇದಕ್ಕೆ ಸ್ಮಿತ್ತನಲ್ಲಿದ್ದ ಉತ್ತರ ಬಂದೂಕು. ಜಗಳದ ಬೇರು ನನಗೆ ಕಾಣುವುದು ಇಲ್ಲೇ. ಧರ್ಮ, ನಾಗರಿಕತೆ ಎಂಬ ಮಾತುಗಳೆಲ್ಲ ಆಮೇಲೆ ಬಂದವು.

ಆ ವರ್ಷದ ಕೊನೆಗೆ ಬಂದ ಚಳಿಗಾಲಕ್ಕೆ ಪೌಹಾಟನ್ ಜನ ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದ ಸುಮಾರು 300 ಜನ ಮೊದಲು ಕುದುರೆ ತಿಂದರು, ಆಮೇಲೆ ನಾಯಿ, ಬೆಕ್ಕು, ಇಲಿ, ಹಾವು, ಕೊನೆಗೆ ಬೂಟಿನ ಚರ್ಮ. 2012ರಲ್ಲಿ ಅಲ್ಲಿನ ತಿಪ್ಪೆಯ ಮಣ್ಣಿನಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ತಲೆಬುರುಡೆ ಸಿಕ್ಕಿತು. ಅದರ ಮೇಲೆ ಕತ್ತಿಯ ಗುರುತು. ಸತ್ತ ಮೇಲೆ ಮಾಂಸಕ್ಕಾಗಿ ಕಡಿದದ್ದು. 1610ರ ವಸಂತದ ಹೊತ್ತಿಗೆ ಉಳಿದವರು ಅರವತ್ತೇ ಮಂದಿ. ಅದೇ ವರ್ಷದ ಆಗಸ್ಟಿನಲ್ಲಿ ಇಂಗ್ಲಿಷರು ಪೌಹಾಟನ್ ಬುಡಕಟ್ಟುಗಳಲ್ಲೊಂದಾದ ಪಾಸ್ಪಹೆಗ್ ಜನರ ಊರು ಸುಟ್ಟು, ಜೋಳ ಕಡಿದು, ಅವರ ರಾಣಿಯನ್ನೂ ಮಕ್ಕಳನ್ನೂ ಕೊಂದರು.

ಆಮೇಲೆ ಹೊಗೆಸೊಪ್ಪು ಬಂತು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬ ಜೇಮ್ಸ್‌ಟೌನಿನ ವಲಸಿಗ ಕೆರಿಬಿಯನ್ ಕಡೆಯ ಬೀಜ ತರಿಸಿ ಹಾಕಿದ. 1617ಕ್ಕೆ 20,000 ಪೌಂಡ್ ಸೊಪ್ಪು ಲಂಡನ್ನಿಗೆ ಹೋಯಿತು. ಊರಿನ ಬೀದಿಯಲ್ಲೂ ಸೊಪ್ಪು ನೆಟ್ಟರು. ಎರಡು ಎಕರೆ ಜೋಳ ಬೆಳೆಯದವನು ಸೊಪ್ಪು ಹಾಕಕೂಡದು ಎಂದು ಗವರ್ನರ್ ಡೇಲ್ ಕಟ್ಟಪ್ಪಣೆ ಮಾಡಬೇಕಾಯಿತು. ಸೊಪ್ಪು ನೆಲದ ಸಾರವನ್ನು ಬೇಗ ಹೀರುತ್ತದೆ, ಇದನ್ನು ನಿಮಗೆ ನಾನು ಹೇಳಬೇಕಿಲ್ಲ. ಹೊಸ ನೆಲ ಬೇಕು, ದುಡಿಯುವ ಕೈ ಬೇಕು. ಕೂಲಿಗೆ ಕರಾರು ಬರೆದುಕೊಟ್ಟ ಬಡ ಇಂಗ್ಲಿಷರು ಬಂದರು. 1619ರಲ್ಲಿ ಆಫ್ರಿಕಾದ ಇಪ್ಪತ್ತು ಚಿಲ್ಲರೆ ಜನರನ್ನು ಸೆರೆಯಾಳುಗಳಾಗಿ ತಂದಿಳಿಸಿ, ಆಹಾರಕ್ಕೆ ಬದಲಾಗಿ ಮಾರಿದರು. ಪೌಹಾಟನ್ ಜನರ ಹೊಲಗಳು ಒಂದೊಂದಾಗಿ ಹೋದವು.

1622ರ ಮಾರ್ಚ್ 22ರ ಬೆಳಿಗ್ಗೆ ಪೌಹಾಟನ್ ಜನರ ನಾಯಕ ಓಪಿಚಾಂಕನೋ ಕಡೆಯವರು ಎಂದಿನಂತೆ ಮಾಂಸ, ಮೀನು ಹಿಡಿದು ವ್ಯಾಪಾರಕ್ಕೆ ಬಂದು, ಒಮ್ಮೆಲೇ ಎರಗಿದರು. ಸತ್ತವರು 347. ಮರುವರ್ಷ, ಹೆಚ್ಚು ಪೆಟ್ಟು ತಿಂದ ಮಾರ್ಟಿನ್ಸ್ ಹಂಡ್ರೆಡ್ ಎಂಬಲ್ಲಿಂದ ರಿಚರ್ಡ್ ಫ್ರೆಥೋರ್ನ್ ಎಂಬ ಕರಾರಿನ ಆಳು ಹೆತ್ತವರಿಗೆ ಬರೆದ ಕಾಗದ ಉಳಿದಿದೆ. ಹಡಗಿಳಿದಾಗಿನಿಂದ ಬಟಾಣಿ ಮತ್ತು ನೀರು ಗಂಜಿ ಬಿಟ್ಟು ಬೇರೇನೂ ಕಂಡಿಲ್ಲ; ಮನೆಯಲ್ಲಿ ದಿನಕ್ಕೆ ತಿಂದಷ್ಟು ಇಲ್ಲಿ ವಾರಕ್ಕೆ ಸಿಗುವುದಿಲ್ಲ; ನನ್ನನ್ನು ಬಿಡಿಸಿಕೊಳ್ಳಿ, ಆಗದಿದ್ದರೆ ಒಂದಿಷ್ಟು ಚೀಸು, ಬೆಣ್ಣೆಯಾದರೂ ಕಳಿಸಿ ಎಂದು ಬೇಡಿಕೊಳ್ಳುತ್ತಾನೆ. 1624ರ ಸತ್ತವರ ಪಟ್ಟಿಯಲ್ಲಿ ಅವನ ಹೆಸರಿದೆ. ಅದೇ ವರ್ಷ ಕಂಪನಿಯೂ ಮುಚ್ಚಿತು, ವಸಾಹತು ದೊರೆಯ ಕೈಗೆ ಹೋಯಿತು.

1644ರಲ್ಲಿ ಮುದುಕನಾದ ಓಪಿಚಾಂಕನೋ ಇನ್ನೊಮ್ಮೆ ದಂಡೆತ್ತಿದ. ಸೆರೆ ಹಿಡಿದು ತಂದಾಗ ಕಾವಲಿನವನೊಬ್ಬ ಅವನನ್ನು ಗುಂಡಿಟ್ಟು ಕೊಂದ. 1646ರ ಒಪ್ಪಂದದಲ್ಲಿ ಪೌಹಾಟನ್ ಜನ ವರ್ಷಕ್ಕೆ ಬೀವರ್ ಎಂಬ ನೀರುಪ್ರಾಣಿಯ ಇಪ್ಪತ್ತು ಚರ್ಮ ಕಪ್ಪ ಕೊಡಬೇಕೆಂದಾಯಿತು. ಅವರ ವಂಶದ ಪಮುಂಕಿ, ಮ್ಯಾಟಪೊನೈ ಜನ ಇವತ್ತಿಗೂ ಪ್ರತಿ ನವೆಂಬರಿನಲ್ಲಿ ರಿಚ್ಮಂಡಿಗೆ ಹೋಗಿ, ವರ್ಜೀನಿಯಾದ ಗವರ್ನರ್ ಮನೆ ಮೆಟ್ಟಿಲ ಬಳಿ ಬೇಟೆಯಾಡಿದ ಜಿಂಕೆಯನ್ನು ಒಪ್ಪಿಸಿ ಬರುತ್ತಾರೆ.