ದಿನಕ್ಕೊಂದು ಧಾರಣೆ, ವರ್ಷಕ್ಕೊಮ್ಮೆ ಸಂಬಳ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಎಪಿಎಂಸಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಬಗೆಗಳ ಅಡಿಕೆಗೆ ದಿನಕ್ಕೊಂದು ಧಾರಣೆ. ಅದು ಬೆಳೆದವರ ಕೈಯಲ್ಲಿಲ್ಲ. ಆದರೆ ಅದೇ ಅಡಿಕೆ ಸುಲಿಯುವವರ ಕೂಲಿ ನೋಡಿ. ಹಂಗಾಮಿನ ಆರಂಭದಲ್ಲಿ ಮಾತಾದ ದರವೇ ಸಾಮಾನ್ಯವಾಗಿ ಕೊಯ್ಲು ಮುಗಿಯುವವರೆಗೂ ನಡೆಯುತ್ತದೆ.

ತಮ್ಮ ಬೆಲೆಯನ್ನು ತಾವೇ ಗೊತ್ತುಮಾಡುವವರೂ ಇದ್ದಾರೆ. ಹೋಟೆಲಿನವರು ಹಾಲು, ಕಾಫಿಪುಡಿ, ಗ್ಯಾಸು, ಬಾಡಿಗೆ ಎಲ್ಲ ಕೂಡಿ, ಮೇಲೆ ಒಂದಿಷ್ಟು ಲಾಭ ಇಟ್ಟು ಕಾಫಿಗೆ ಬೆಲೆ ಹಾಕುತ್ತಾರೆ. ಹಾಲಿನ ದರ ಏರಿದ ದಿನವೇ ಬೋರ್ಡು ಬದಲಾಗುವುದಿಲ್ಲ. ಪಕ್ಕದವರು ಏರಿಸದೆ ತಾನೊಬ್ಬನೇ ಏರಿಸಿದರೆ ದಿನಾ ಬರುವ ಗಿರಾಕಿ ಮುನಿಸಿಕೊಂಡಾನು ಎಂಬ ಭಯ. ಬಿಸ್ಕತ್ ಕಂಪನಿಗಳು ಐದು ರೂಪಾಯಿ ಬೆಲೆಯನ್ನು ಹಾಗೇ ಉಳಿಸಿ, ಪೊಟ್ಟಣದ ತೂಕ ಇಳಿಸುತ್ತವೆ. ಇನ್ನು ಎರಕದ ಕಾರ್ಖಾನೆಗಳ ಒಪ್ಪಂದಗಳಲ್ಲಿ, ಕಬ್ಬಿಣದ ಬೆಲೆ ಏರಿದರೆ ಮಾಲಿನ ದರವನ್ನೂ ಪರಿಷ್ಕರಿಸುವ ಷರತ್ತು ಎಷ್ಟೋ ಕಡೆ ಇರುತ್ತದೆ.

ಆ ಎರಕದ ಮುಂದೆ ಬೆವರು ಸುರಿಸುವವರ ಸಂಬಳಕ್ಕೆ ಅಂಥ ಷರತ್ತು ಎಲ್ಲರಿಗೂ ಸಿಕ್ಕಿಲ್ಲ. ನನ್ನನ್ನು ಕಾಡುವುದು ಇದೇ.

ವ್ಯಾಪಾರ ಕುಸಿದಾಗಲೂ ಮಾಲೀಕರು ಸಂಬಳ ಕಡಿತ ಮಾಡಲು ಹಿಂಜರಿಯುತ್ತಾರೆ, ನಿಜ. ಅಮೆರಿಕದ ಅರ್ಥಶಾಸ್ತ್ರಜ್ಞ ಟ್ರೂಮನ್ ಬ್ಯೂಲಿ 1990ರ ದಶಕದ ಆರಂಭದ ಆರ್ಥಿಕ ಹಿಂಜರಿತದ ಕಾಲದಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಕಂಡು ಮಾತಾಡಿಸಿದರು. ಉದ್ಯಮಿಗಳು, ಕಾರ್ಮಿಕ ಮುಖಂಡರು ಅವರಲ್ಲಿದ್ದರು. ಸಂಬಳ ಕಡಿದರೆ ದುಡಿಯುವವರ ಮನಸ್ಸು ಮುರಿಯುತ್ತದೆ, ಕೆಲಸ ಕೆಡುತ್ತದೆ, ಅದಕ್ಕಿಂತ ಕೆಲವರನ್ನು ಕೆಲಸದಿಂದ ತೆಗೆಯುವುದೇ ವಾಸಿ ಎಂಬ ಲೆಕ್ಕಾಚಾರ ಬ್ಯೂಲಿಯವರಿಗೆ ಮತ್ತೆ ಮತ್ತೆ ಕೇಳಿಬಂತು. ಮಲೆನಾಡಿನ ತೋಟದ ಮಾಲೀಕರಿಗೂ ಇದು ಗೊತ್ತು. ಈ ವರ್ಷ ಕೂಲಿಯಲ್ಲಿ ಜಗ್ಗಾಡಿದರೆ ಮುಂದಿನ ಹಂಗಾಮಿಗೆ ಅಡಿಕೆ ಗೊನೆ ಕೊಯ್ಯಲು ಆಳು ಸಿಗುವುದಿಲ್ಲ.

ಆದರೆ ಕಡಿತ ಮಾಡದೆಯೂ ಸಂಬಳ ಕರಗುತ್ತದೆ. ಹನ್ನೆರಡು ಸಾವಿರ ಪಡೆಯುವವರಿಗೆ ವರ್ಷವಿಡೀ ಅದೇ ಹನ್ನೆರಡು ಸಾವಿರ. ದಿನಸಿ, ಬಸ್ಸು, ಬಾಡಿಗೆ ನೂರಕ್ಕೆ ಆರರಷ್ಟು ಏರಿದರೆ, ತಿಂಗಳಿಗೆ ಸುಮಾರು ಏಳುನೂರು ರೂಪಾಯಿ ಕಳೆದುಕೊಂಡ ಹಾಗೆಯೇ. ಯಾರೂ ಕಡಿದಿಲ್ಲ, ಹಾಗಾಗಿ ಯಾರನ್ನೂ ಕೇಳುವಂತಿಲ್ಲ. ಇದು ನ್ಯಾಯವಲ್ಲ ಎಂದೇ ನನ್ನ ನಂಬಿಕೆ.

ಇದಕ್ಕೆಂದೇ ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆ ಸೇರಿದೆ. ಗ್ರಾಹಕ ಬೆಲೆ ಸೂಚ್ಯಂಕ ಏರಿದಂತೆ ಪ್ರತಿ ವರ್ಷ ಏಪ್ರಿಲ್ 1ರಿಂದ ಅದನ್ನು ಪರಿಷ್ಕರಿಸುತ್ತಾರೆ. ಹೋಟೆಲು, ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವವರು ತಮ್ಮ ಕೆಲಸಕ್ಕೆ ನಿಗದಿಯಾದ ದರ ಎಷ್ಟೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ದಯವಿಟ್ಟು ಕೇಳಿ.