ವೈರಸ್ಸಿನ ಮೇಲೆ ಹಾಕಿದ ತಪ್ಪು

ಕೇಳುಗರಿಗೆ ನಮಸ್ಕಾರ.

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಅಂತಿದ್ದರೂ ದಿನವಿಡೀ ನಡೆಯುವುದು ಆನ್‌ಲೈನ್ ಕೆಲಸವೇ. ಪಹಣಿ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ, ರೈಲು ಟಿಕೆಟ್ಟು, ಮದುವೆ ಕಾರ್ಡಿನ ಟೈಪಿಂಗು. ಹೋದ ಬೇಸಿಗೆಯಲ್ಲಿ ಈ ಅಂಗಡಿಯ ಕಂಪ್ಯೂಟರ್ ನನ್ನನ್ನು ಹದಿನೈದು ದಿನ ಅಳಿಸಿತು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ. ಪೆನ್ನು ಹತ್ತಿರ ಇದ್ದರೆ ಇಟ್ಟುಕೊಳ್ಳಿ, ಒಂದೆರಡು ಹೆಸರು ಬರೆದುಕೊಳ್ಳಬೇಕಾಗುತ್ತದೆ.

ಶುರುವಾಗಿದ್ದು ಒಂದು ಪೆನ್‌ಡ್ರೈವ್‌ನಿಂದ. ಕಾಲೇಜು ಹುಡುಗನೊಬ್ಬ ಪ್ರಾಜೆಕ್ಟ್ ಪ್ರಿಂಟ್ ಮಾಡಿಸಲು ಬಂದ. ಪೆನ್‌ಡ್ರೈವ್ ಹಾಕಿ ತೆರೆದರೆ ಪ್ರತಿ ಫೋಲ್ಡರಿನ ಮೂಲೆಯಲ್ಲೂ ಒಂದು ಸಣ್ಣ ಬಾಣ. ಅದು ಶಾರ್ಟ್‌ಕಟ್‌ನ ಗುರುತು, ಅಂದರೆ ಅದು ಫೋಲ್ಡರ್ ಅಲ್ಲ, ಬೇರೆ ಕಡೆಗೆ ಕರೆದೊಯ್ಯುವ ಕೈಮರ. ನನಗೆ ಗೊತ್ತಿತ್ತು. ಆದರೂ ಅಂಗಡಿ ತುಂಬ ಜನ, ಗದ್ದಲದಲ್ಲಿ ಒತ್ತಿಬಿಟ್ಟೆ. ಫೋಲ್ಡರ್ ತೆರೆಯಿತು, ಪ್ರಿಂಟ್ ಬಂತು, ಹುಡುಗ ದುಡ್ಡು ಕೊಟ್ಟು ಹೋದ. ಈ ಶಾರ್ಟ್‌ಕಟ್ ವೈರಸ್ಸಿನ ಕಿಲಾಡಿತನ ಇರುವುದೇ ಇಲ್ಲಿ. ನಿಜವಾದ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ಟನ್ನು ಮುಂದಿಡುತ್ತದೆ. ನೀವು ಒತ್ತಿದ ಕೂಡಲೇ ತನ್ನ ಕೆಲಸ ಮಾಡಿಕೊಳ್ಳುತ್ತದೆ, ಜೊತೆಗೆ ನಿಮ್ಮ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಫೈಲ್ ಸಿಕ್ಕಿತಲ್ಲ ಅಂತ ನಾವು ಸುಮ್ಮನಾಗುತ್ತೇವೆ.

ಮೂರು ದಿನ ಕಳೆಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೌಸ್ ಕೈಗೆ ಸಿಗಲು ಕಾಲು ಗಂಟೆ ಬೇಕಾಯಿತು. ಬ್ರೌಸರ್ ತೆರೆದರೆ ಎಂದೂ ನೋಡದ ಒಂದು ಹುಡುಕಾಟದ ಪುಟ. ಬಲಗಡೆ ಕೆಳಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ' ಅಂತ ಕೆಂಪು ಚೀಟಿ. ಜೊತೆಗೆ ವೈಫೈ ಐದು ನಿಮಿಷಕ್ಕೊಮ್ಮೆ ಕಡಿದುಹೋಗುತ್ತಿತ್ತು. ಕಾರಟಗಿ ಕಡೆಯ ಅಜ್ಜ ಒಬ್ಬರು ಪಹಣಿಗೆ ಬಂದು ಕೂತಿದ್ದರು. ಪುಟ ಅರ್ಧ ಬಂದು ನಿಲ್ಲುವುದು, ನಾನು ಮತ್ತೆ ಶುರು ಮಾಡುವುದು.

"ಯವ್ವಾ, ನನ್ನ ಹೊಲ ಏನ್ ಅಷ್ಟ್ ದೊಡ್ಡದಿಲ್ಲ, ಎರಡೇ ಎಕರೆ ಐತಿ. ಯಾಕ ಇಷ್ಟ್ ಹೊತ್ತು?" ಅಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಲ್ಲಿ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಗಾಬರಿಯಲ್ಲಿ, ಕಂಪ್ಯೂಟರನ್ನು ಫಾಸ್ಟ್ ಮಾಡುತ್ತೇವೆ ಅನ್ನುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿದೆ. ಸಾಲದು ಅಂತ ಇನ್ನೊಂದು ಆಂಟಿವೈರಸ್ ಕೂಡ ಹಾಕಿದೆ. ಹಳೆಯದು ಅವಧಿ ಮುಗಿದು ಅಲ್ಲೇ ಕೂತಿತ್ತು. ಈಗ ಒಂದೇ ಬಾಗಿಲಿಗೆ ಇಬ್ಬರು ವಾಚ್‌ಮನ್. ಒಂದು ಫೈಲ್ ತೆರೆದರೆ ಇವನೂ ತಪಾಸಣೆ ಮಾಡುತ್ತಾನೆ, ಅವನೂ ಮಾಡುತ್ತಾನೆ. ಮೊದಲು ತೆವಳುತ್ತಿದ್ದ ಕಂಪ್ಯೂಟರ್ ಈಗ ಮಲಗಿಯೇಬಿಟ್ಟಿತು.

ಕೊನೆಗೆ ಒಂದು ಭಾನುವಾರ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಮೊದಲ ಕೆಲಸ, ಇಂಟರ್ನೆಟ್ ತೆಗೆದದ್ದು. ಎರಡನೆಯದು, ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿದ್ದು. ಅದನ್ನು ನನ್ನ ಮೊಬೈಲ್‌ನಿಂದ ಮಾಡಿದೆ, ಅದೂ ವೈಫೈ ಆಫ್ ಮಾಡಿ, ಸಿಮ್ಮಿನ ಡೇಟಾದಲ್ಲಿ. ರೋಗ ಹಿಡಿದ ಕಂಪ್ಯೂಟರಿನಲ್ಲೇ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದನ್ನೂ ಕಳ್ಳನ ಕೈಗೆ ಕೊಟ್ಟ ಹಾಗೆ. ನನ್ನ ದುಡ್ಡೇನೂ ಹೋಗಿರಲಿಲ್ಲ. ಹೋಗಿದ್ದರೆ ಒಂದು ನಿಮಿಷವೂ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕಿತ್ತು. ಅದು ಸೈಬರ್ ಮೋಸಕ್ಕೆ ಇರುವ ಸರ್ಕಾರದ ಸಹಾಯವಾಣಿ. ಬರೆದುಕೊಳ್ಳಿ, 1930.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದೆ. ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಯಾರು ಎಷ್ಟು ತಿನ್ನುತ್ತಿದ್ದಾರೆ ಅಂತ ಅಲ್ಲಿ ಲೆಕ್ಕ ಸಿಗುತ್ತದೆ. ಡಿಸ್ಕ್ ಅನ್ನುವ ಕಾಲಮ್ಮಿನಲ್ಲಿ 100 ಪರ್ಸೆಂಟ್. ಮೇಲೆ ನನ್ನ ಇಬ್ಬರು ವಾಚ್‌ಮನ್‌ಗಳು. ಅವರ ಕೆಳಗೆ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದು ಪ್ರೋಗ್ರಾಂ. ಅಲ್ಲೇ ಸ್ಟಾರ್ಟ್ಅಪ್ ಅಂತ ಇನ್ನೊಂದು ಪಟ್ಟಿ ಇರುತ್ತದೆ, ಸ್ವಿಚ್ ಹಾಕಿದ ತಕ್ಷಣ ಯಾರ್ಯಾರು ಎದ್ದು ಕೂರುತ್ತಾರೆ ಅಂತ. ಹದಿನಾಲ್ಕು ಜನ ಇದ್ದರು! ಬೇಕಾಗಿದ್ದು ಮೂವರು.

ಎರಡೂ ಆಂಟಿವೈರಸ್ ತೆಗೆದುಹಾಕಿದೆ, ಆ ಫಾಸ್ಟ್ ಮಾಡುವ ಮಹಾಶಯನನ್ನೂ ಓಡಿಸಿದೆ. ಭಯಪಡಬೇಡಿ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅನ್ನುವ ಆಂಟಿವೈರಸ್ ಹುಟ್ಟಿನಿಂದಲೇ ಇರುತ್ತದೆ. ಬೇರೆಯವರು ಬಂದರೆ ಅದು ಪಕ್ಕಕ್ಕೆ ಸರಿಯುತ್ತದೆ, ಅವರು ಹೋದರೆ ತಾನೇ ಎದ್ದು ಬರುತ್ತದೆ. ಇಂಟರ್ನೆಟ್ ಹಾಕಿ ಅದನ್ನೊಮ್ಮೆ ಅಪ್‌ಡೇಟ್ ಮಾಡಿ, ಇಂಟರ್ನೆಟ್ ಮತ್ತೆ ತೆಗೆದೆ. ವಿಂಡೋಸ್ ಸೆಕ್ಯುರಿಟಿ ಒಳಗೆ ಸ್ಕ್ಯಾನ್ ಆಪ್ಷನ್ಸ್ ಅಂತಿದೆ, ಅದರಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಒಂದು. ನನಗೆ ಬಹಳ ಇಷ್ಟವಾದದ್ದು ಇದೇ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ವೈರಸ್ ಕಣ್ಣು ಬಿಡುವ ಮೊದಲೇ ಹಿಡಿಯುವುದು ಅಂತಿಟ್ಟುಕೊಳ್ಳಿ. ಸುಮಾರು 15 ನಿಮಿಷದ ಕೆಲಸ. ಎರಡು ಸಿಕ್ಕವು, ಎರಡೂ ಹೋದವು. ಇನ್ನೂ ಅನುಮಾನ ಇದ್ದವರಿಗೆ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಕೇಂದ್ರ ಸರ್ಕಾರದ್ದೇ ಒಂದು ತಾಣ ಇದೆ, 2017ರಲ್ಲಿ ಶುರುವಾಗಿದ್ದು. ವೈರಸ್ ತೆಗೆಯುವ ಸಾಧನಗಳು ಅಲ್ಲಿ ಉಚಿತ.

ಆ ಕೆಂಪು ಚೀಟಿ ಮಾತ್ರ ಇನ್ನೂ ಬರುತ್ತಿತ್ತು. ಅದು ವೈರಸ್ಸೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಯಾವುದೋ ವೆಬ್‌ಸೈಟು 'ಅಲೋ' ಒತ್ತಿ ಅಂದಾಗ ನಾನೇ ಒತ್ತಿದ್ದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿಗೆ ಹೋಗಿ ಆ ಹೆಸರು ತೆಗೆದೆ, ಎಕ್ಸ್‌ಟೆನ್ಶನ್ ಅಂತ ಬ್ರೌಸರಿಗೆ ಅಂಟಿಕೊಳ್ಳುವ ಸಣ್ಣ ಪ್ರೋಗ್ರಾಂಗಳಿರುತ್ತವೆ, ಗೊತ್ತಿಲ್ಲದ ಅಂಥ ಎರಡನ್ನು ಕಿತ್ತೆ. ಚೀಟಿ ನಿಂತಿತು.

ಇನ್ನೇನು ಮುಗಿಯಿತು ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಚೆನ್ನಾಗಿ ಓಡಿತು. ಹನ್ನೆರಡಕ್ಕೆ ಮತ್ತೆ ನಿಧಾನ. ವೈರಸ್ ವಾಪಸ್ ಬಂತು ಅಂತ ತಲೆ ಮೇಲೆ ಕೈ ಹೊತ್ತೆ. ಆದರೆ ವೈರಸ್ಸಿಗೆ ಹನ್ನೆರಡು ಗಂಟೆಯ ಲೆಕ್ಕ ಯಾಕೆ ಬೇಕು, ಅಲ್ವಾ? ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ರಾಯಚೂರು, ಬಳ್ಳಾರಿ, ಕೊಪ್ಪಳ, ಎಲ್ಲಿ ಹೋದರೂ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ವೈರ್ ಕಿತ್ತು ಸಿಪಿಯು ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಒಳಗಿನ ಫ್ಯಾನಿನ ರೆಕ್ಕೆ ಕಾಣಿಸುತ್ತಲೇ ಇರಲಿಲ್ಲ. ಅದರ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಕಂಬಳಿ ಹಾಸಿದ ಹಾಗೆ ಧೂಳು. ಸುಮ್ನೆ ಧೂಳಲ್ಲ. ಬೆರಳಲ್ಲಿ ಉಜ್ಜಿದರೆ ಗರಗರ ಅನ್ನುತ್ತಿತ್ತು, ಬಣ್ಣ ಹಳದಿ. ಭತ್ತದ ಹೊಟ್ಟು! ಊರ ತುಂಬ ರೈಸ್‌ಮಿಲ್ಲು, ಕಟಾವಿನ ಕಾಲ, ರಸ್ತೆಯಲ್ಲಿ ಹೋಗುವ ಲಾರಿಗಳಿಂದ ಹಾರಿದ್ದೆಲ್ಲ ನನ್ನ ಕಂಪ್ಯೂಟರಿನ ಹೊಟ್ಟೆಗೆ ಹೋಗಿತ್ತು. ರಾಯಚೂರಿನ ಹತ್ತಿ ಮಾರುಕಟ್ಟೆ ಹತ್ತಿರ ಅಂಗಡಿ ಇರುವವರು ಒಮ್ಮೆ ಬಿಚ್ಚಿ ನೋಡಿ, ನಿಮಗೆ ಹತ್ತಿಯೇ ಸಿಗಬಹುದು.

ಪ್ರೊಸೆಸರ್ ಕಾದರೆ ಸುಟ್ಟುಹೋಗಬಾರದು ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದೇ ನನ್ನ ಹನ್ನೆರಡು ಗಂಟೆಯ ವೈರಸ್. ಪೇಂಟಿಂಗ್ ಬ್ರಷ್‌ನಿಂದ ಬಿಡಿಸಿ, ಬ್ಲೋವರ್ ಹಿಡಿದೆ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಗೆ ಒಂದು ಪೆನ್ಸಿಲ್ ಅಡ್ಡ ಇಡಿ, ಇಲ್ಲದಿದ್ದರೆ ಅದು ಬುಗುರಿ ಹಾಗೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮುಂದಿನ ತಿಂಗಳು ಹಳೆಯ ಹಾರ್ಡ್‌ಡಿಸ್ಕ್ ತೆಗೆದು, ಫೈಲ್ ಇಡಲು ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸಿದೆ. ಕಾಲು ಗಂಟೆ ಹಿಡಿಯುತ್ತಿದ್ದದ್ದು ಅರ್ಧ ನಿಮಿಷಕ್ಕೆ ಬಂತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ದುಡ್ಡಿದ್ದರೆ ಹಾಕಿಸಿ.

ಇನ್ನು ವೈಫೈ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಜಗಳವಾಡಿದ್ದೆ. ಅವರು "ಮೇಡಂ, ನಮ್ಮ ಲೈನ್ ಸರಿ ಇದೆ, ನಿಮ್ಮಲ್ಲೇ ವೈರಸ್" ಅಂದಿದ್ದರು. ಯಾರ ತಪ್ಪು ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿಯನ್ನು ಎರಡು ಸಲ ತೆರೆಯಿರಿ. ಒಂದರಲ್ಲಿ ಪಿಂಗ್ ಅಂತ ಇಂಗ್ಲಿಷಿನಲ್ಲಿ ಬರೆದು, ವೈಫೈ ಕೊಡುವ ಡಬ್ಬಿಯಾದ ನಿಮ್ಮ ರೌಟರಿನ ನಂಬರ್ ಹಾಕಿ; ಪಿಂಗ್ ಅಂದರೆ 'ಇದ್ದೀಯಾ' ಅಂತ ಕೂಗಿ ಉತ್ತರ ಕಾಯುವುದು. ಎಷ್ಟೋ ಕಡೆ ಅದು 192.168.1.1 ಇರುತ್ತದೆ. ಇನ್ನೊಂದರಲ್ಲಿ ಪಿಂಗ್ 8.8.8.8, ಅದು ಗೂಗಲ್‌ನದು. ಎರಡರ ಕೊನೆಗೂ ಒಂದು ಅಡ್ಡಗೆರೆ ಎಳೆದು ಟಿ ಬರೆದರೆ ನಿಲ್ಲಿಸುವವರೆಗೂ ಓಡುತ್ತವೆ. ರೌಟರಿನ ಉತ್ತರ ಸರಿಯಾಗಿ ಬಂದು ಗೂಗಲ್‌ನದು ತಪ್ಪಿದರೆ ದೋಷ ಹೊರಗಿನ ಲೈನಿನಲ್ಲಿದೆ. ರೌಟರಿನ ಉತ್ತರವೇ ತಪ್ಪುತ್ತಿದ್ದರೆ ದೋಷ ನಿಮ್ಮ ನಾಲ್ಕು ಗೋಡೆಯೊಳಗಿದೆ.

ನನಗೆ ರೌಟರಿನ ಉತ್ತರವೇ ತಪ್ಪುತ್ತಿತ್ತು. ಅಂದರೆ ಜಗಳವಾಡಿದ್ದು ದಂಡ.

ತಿರುಗಿ ನೋಡಿದೆ. ರೌಟರಿಗೂ ಟೇಬಲ್ಲಿಗೂ ನಡುವೆ ಆರಡಿ ಎತ್ತರದ ಕಬ್ಬಿಣದ ಅಲ್ಮಾರಿ. ಕಾಗದದ ಬಂಡಲ್ ಇಡಲು ಅದೇ ತಿಂಗಳು ತಂದಿದ್ದು. ಕಬ್ಬಿಣ ವೈಫೈಯನ್ನು ಗೋಡೆಗಿಂತ ಜಾಸ್ತಿ ತಡೆಯುತ್ತದೆ. ಸಾಲದು ಅಂತ ವೈಫೈ ಹಿಡಿಯುವ ಸಣ್ಣ ಡಾಂಗಲ್ ಸಿಪಿಯು ಹಿಂದೆ, ಗೋಡೆಗೆ ಒತ್ತಿಕೊಂಡಿತ್ತು. ಅದರ ಪಕ್ಕದ ನೀಲಿ ಯುಎಸ್‌ಬಿ ತೂತಿನಲ್ಲಿ ಬ್ಯಾಕಪ್ ಹಾರ್ಡ್‌ಡಿಸ್ಕ್. ನೀಲಿ ತೂತು ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3, ಅದು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ವೈಫೈಗೆ ಗದ್ದಲ ಮಾಡುತ್ತದೆ. ಪಕ್ಕದಲ್ಲಿ ಮೈಕ್ ಹಚ್ಚಿ ಫೋನಿನಲ್ಲಿ ಮಾತಾಡಿ ಅಂದ ಹಾಗೆ. ಅಲ್ಮಾರಿ ಸರಿಸಿ, ಡಾಂಗಲ್ಲನ್ನು ಒಂದು ಎಕ್ಸ್‌ಟೆನ್ಶನ್ ವೈರಿನಲ್ಲಿ ಟೇಬಲ್ ಮೇಲೆ ತಂದೆ. ಕಡಿಯುವುದು ನಿಂತಿತು.

ಒಂದೇ ಒಂದು ತಕರಾರು ಉಳಿಯಿತು. ವೈಫೈ ಗಟ್ಟಿಯಾಗಿದ್ದರೂ ಕೆಲವು ಪುಟ ತೆರೆಯುತ್ತಿರಲಿಲ್ಲ, ಕೆಲವು ಬೇರೆಲ್ಲಿಗೋ ಹೋಗುತ್ತಿದ್ದವು. ಇದು ಮಾತ್ರ ನಿಜವಾಗಿ ವೈರಸ್ಸಿನ ಕೈವಾಡ. ಡಿಎನ್ಎಸ್ ಅಂತ ಒಂದು ವ್ಯವಸ್ಥೆ ಇದೆ. ನಾವು ವೆಬ್‌ಸೈಟಿನ ಹೆಸರು ಹೇಳಿದರೆ ಅದು ವಿಳಾಸದ ನಂಬರ್ ಹೇಳುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದ ಹಾಗೆ. ದಾರಿ ಹೇಳುವವನೇ ಕಳ್ಳನಾದರೆ? ಡಿಎನ್ಎಸ್ ಚೇಂಜರ್ ಅನ್ನುವ ವೈರಸ್ ಹೀಗೇ ಮಾಡಿ ನೂರಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ಅಡ್ಡದಾರಿ ತೋರಿಸಿತ್ತು. 2011ರಲ್ಲಿ ಅಮೆರಿಕದ ಎಫ್‌ಬಿಐ ಆ ಗುಂಪನ್ನು ಹಿಡಿಯಿತು. ನನ್ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೂ ಯಾರೋ ಡಿಎನ್ಎಸ್ ನಂಬರ್ ಬರೆದಿಟ್ಟಿದ್ದರು. ಅಳಿಸಿ ಆಟೋಮ್ಯಾಟಿಕ್‌ಗೆ ಹಾಕಿದೆ. ನಮ್ಮ ಇಂಟರ್ನೆಟ್ಟನ್ನು ಇನ್ನೊಬ್ಬರ ಕಂಪ್ಯೂಟರ್ ಮೂಲಕ ಸುತ್ತಿಸುವ ಪ್ರಾಕ್ಸಿ ಆನ್ ಇತ್ತು, ಆಫ್ ಮಾಡಿದೆ. ರೌಟರಿನ ಪಾಸ್‌ವರ್ಡ್ ನೋಡಿದರೆ ಕೊಂಡ ದಿನದ 'ಅಡ್ಮಿನ್' ಹಾಗೇ ಇತ್ತು. ಅದನ್ನೂ ಬದಲಿಸಿದೆ.

ಮೊನ್ನೆ ಇನ್ನೊಬ್ಬ ಹುಡುಗ ಬಂದ, ಕೈಯಲ್ಲಿ ಪೆನ್‌ಡ್ರೈವ್.

"ಅಕ್ಕಾರ, ಎರಡೇ ಪೇಜ್ ಐತ್ರಿ, ಅರ್ಜೆಂಟ್. ಬಸ್ ನಿಂತೈತಿ."

ಪೆನ್‌ಡ್ರೈವ್ ಚುಚ್ಚಿದೆ, ಆದರೆ ತೆರೆಯಲು ಹೋಗಲಿಲ್ಲ. ಅದರ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ ಸ್ಕ್ಯಾನ್ ಹಾಕಿದೆ.

"ಅಲ್ಲಿ ಸ್ಟೂಲ್ ಐತಿ, ಕುಂದ್ರಪ್ಪ" ಅಂದೆ. "ನಾಲ್ಕು ಬಾಣ ಸಿಕ್ಕಾವು ನಿನ್ನ ಪೆನ್‌ಡ್ರೈವ್‌ನ್ಯಾಗ."

ನಮಸ್ಕಾರ.