ಬಂದವರು ಕಟ್ಟಿದ ಊರು ಕಲಬುರಗಿ

ನಮಸ್ಕಾರ ರೀ. ಹೋದ ವಾರ ನನ್ನ ತಮ್ಮನಿಗೆ ಒಂದು ರೂಮು ಹುಡುಕಲು ಕಲಬುರಗಿಗೆ ಹೋಗಿದ್ದೆ. ಸಿಕ್ಕ ರೂಮು ಚೆನ್ನಾಗಿತ್ತು. ನೀರಿತ್ತು, ಗಾಳಿ ಬರುತ್ತಿತ್ತು, ಬಾಡಿಗೆಯೂ ಕೈಗೆಟುಕುವಂತಿತ್ತು. ಅಡ್ವಾನ್ಸ್ ಕೊಡಬೇಕು ಅನ್ನುವಾಗ ಮನೆ ಮಾಲಕರು ಕೇಳಿದರು, "ನೀವು ಯಾವ ಪೈಕಿ ರೀ?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಮ್ಮ ಬೀಗರ ಹುಡುಗ ಬರೋನಿದ್ದಾನ, ರೂಮು ಖಾಲಿ ಇಲ್ಲ" ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ತಮ್ಮ ಒಂದು ಮಾತೂ ಆಡಲಿಲ್ಲ.

ಜಾತಿ ಕೇಳುವ ಈ ಪ್ರಶ್ನೆ ಎಲ್ಲಿ ಕೇಳಿದರೂ ತಪ್ಪೇ. ಕಲಬುರಗಿಯಲ್ಲಿ ಕೇಳಿದರೆ ಮಾತ್ರ ನನಗೆ ಜಾಸ್ತಿ ನೋವಾಗುತ್ತದೆ. ಈ ಊರು ಬೆಳೆದದ್ದೇ ಬಂದವರಿಂದ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದಿಲ್ಲಿಯಿಂದ ಬೇರೆಯಾಗಿ ಇಲ್ಲಿ ರಾಜಧಾನಿ ಮಾಡಿದ. ರಾಜಧಾನಿ ಅಂದಮೇಲೆ ಕೆಲಸಕ್ಕೆ ಕೈಗಳು ಬೇಕು ಅಲ್ವಾ? ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಅದನ್ನು ಕಟ್ಟಿದ ರಫಿ ಇರಾನಿನ ಕಜ್ವೀನ್ ಊರಿನ ಕಡೆಯವನು. ದೊಡ್ಡ ಮಸೀದಿಗಳ ನಡುವೆ ಸಾಮಾನ್ಯವಾಗಿ ಬಯಲು ಅಂಗಳ ಇರುತ್ತದೆ. ಇಲ್ಲಿ ಇಡೀ ಜಾಗದ ಮೇಲೆ ಗುಮ್ಮಟಗಳ ಚಾವಣಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಒಮ್ಮೆ ಅದರೊಳಗೆ ಹೋಗಿ ನಿಂತು ನೋಡಿ. ದೂರದಿಂದ ಬಂದವನೊಬ್ಬ ನಮಗೆ ಬಿಟ್ಟುಹೋದ ನೆರಳು ಅದು.

ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ಸೂಫಿ ಸಂತ ಬಂದೇ ನವಾಜರು ದಿಲ್ಲಿ ಬಿಟ್ಟು ಹೊರಟರು. ಇಲ್ಲಿಗೆ ಬರುವಾಗ ಅವರಿಗೆ ಸುಮಾರು 80 ವರ್ಷ. ಆ ವಯಸ್ಸಿನಲ್ಲಿ ಬಂದವರಿಗೆ ಈ ಊರು ಜಾಗ ಕೊಟ್ಟಿತು. ಅವರು ತೀರಿಕೊಂಡದ್ದು 1422ರಲ್ಲಿ. ಅದಾಗಿ ಕೆಲವೇ ವರ್ಷಗಳಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ದರ್ಬಾರು ಹೋಯಿತು, ದರ್ಗಾ ಉಳಿಯಿತು.

ಶರಣಬಸವೇಶ್ವರರೂ ಹೊರಗಿನಿಂದ ಬಂದವರೇ. ಜೇವರ್ಗಿ ಕಡೆಯ ಅರಳಗುಂಡಗಿ ಅವರ ಊರು. ಕಲಬುರಗಿಗೆ ಬಂದು ದಾಸೋಹ ನಡೆಸಿದರು. ದಾಸೋಹಕ್ಕೆ ಬಂದವರ ಹಸಿವು ನೋಡುತ್ತಾರೆ, ಪೈಕಿ ಕೇಳುವುದಿಲ್ಲ. ಅವರು ಲಿಂಗೈಕ್ಯರಾದದ್ದು 1822ರಲ್ಲಿ, ಬಂದೇ ನವಾಜರು ತೀರಿಕೊಂಡು ಸರಿಯಾಗಿ 400 ವರ್ಷಕ್ಕೆ. ಆ ಎರಡು ವರ್ಷಗಳನ್ನು ಒಟ್ಟಿಗೆ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ರೈಲು ಬಂತು. 1871ರ ಹೊತ್ತಿಗೆ ಸೊಲ್ಲಾಪುರದಿಂದ ರಾಯಚೂರಿನವರೆಗೆ ಹಳಿ ಬಿತ್ತು. ಹಿಂದೆಯೇ ಬಟ್ಟೆ ಮಿಲ್ಲು, ಬರಬರುತ್ತಾ ತೊಗರಿಯ ದಾಲ್ ಮಿಲ್ಲುಗಳು. 1980ರಲ್ಲಿ ವಿಶ್ವವಿದ್ಯಾಲಯ, 2019ರಲ್ಲಿ ವಿಮಾನ ನಿಲ್ದಾಣ. 2011ರ ಜನಗಣತಿಯಲ್ಲೇ ಊರಿನ ಜನ 5 ಲಕ್ಷ ದಾಟಿದ್ದರು. ಇವರಲ್ಲಿ ಎಷ್ಟೋ ಜನರ ಅಪ್ಪನೋ ಅಜ್ಜನೋ ಒಂದು ಟ್ರಂಕು, ಒಂದು ರೊಟ್ಟಿ ಗಂಟು ಹಿಡಿದು ಬಸ್ಸಿಳಿದವರು. ಅವತ್ತು ಅವರಿಗೆ ಯಾರೋ ಒಬ್ಬರು ಬಾಗಿಲು ತೆರೆದಿದ್ದಾರೆ.

ಮನೆ ಮಾಲಕರೇ, ಎಷ್ಟು ಜನ ಇರ್ತೀರಿ ಅಂತ ಕೇಳಿ. ಬಾಡಿಗೆ ಯಾವ ತಾರೀಖಿಗೆ ಕೊಡ್ತೀರಿ ಅಂತಲೂ ಕೇಳಿ. ಪೈಕಿ ಕೇಳಬೇಡಿ. ನಿಮ್ಮ ಓಣಿಯಲ್ಲಿ ಒಂದು ರೂಮು ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ತಮ್ಮನ ಕ್ಲಾಸು ಸೋಮವಾರ ಶುರುವಾಗುತ್ತದೆ.